ನೆಲ ಬಿಟ್ಟು ಬರೆದ ಮನೆ

ಝಣ್... ಝಣ್... ಒಂದು ಗಳಿಗೆ ಮೌನ. ಮತ್ತೆ ಝಣ್.

ಹಿತ್ತಲಲ್ಲಿ ಚಿಪ್ಪಿನ ರಾಶಿಯ ಎದುರು ಕುಕ್ಕರಗಾಲಲ್ಲಿ ಕೂತಿದ್ದ ಸೋಮಿಯ ಕೈ ನಿಂತಿತು. ಬೆಳಗಿನ ನೀರಿಳಿತದಲ್ಲಿ ಅಘನಾಶಿನಿ ಹೊಳೆಯ ಕೆಸರಿಗಿಳಿದು ಆಯ್ದು ತಂದ ಬಳಚು ಇನ್ನೂ ಬುಟ್ಟಿಯಲ್ಲಿ ನೀರು ಬಸಿಯುತ್ತಿತ್ತು. ಒಳಗಿನ ಮಾಂಸ ಪೇಟೆಗೆ, ಚಿಪ್ಪು ಸುಣ್ಣದ ಭಟ್ಟಿಗೆ. ಅವಳ ಬದುಕು ನಡೆಯುವುದು ಇವೆರಡರಿಂದಲೇ.

"ಯಾರದೋ ಎತ್ತು ಸರಪಳಿ ಬಿಚ್ಕಂಡು ಬಂದದೆ ಕಾಣ್ತದೆ," ಎಂದಳು.

ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಅವಳ ಗಂಡ ಹೊನ್ನ ತಲೆ ಓರೆ ಮಾಡಿ ಕೇಳಿದ. ಸುಣ್ಣದ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದಾಗ ಕುದಿಯುವ ಸುಣ್ಣ ಸಿಡಿದು ಅವನ ಎರಡೂ ಕಣ್ಣು ಹೋಗಿದ್ದವು. ಆಮೇಲೆ ಅವನಿಗೆ ಲೋಕ ಕಿವಿಯ ಮೂಲಕವೇ ಬರುತ್ತಿತ್ತು.

"ಎತ್ತಲ್ವೇ ಅದು. ಎತ್ತು ಇಷ್ಟು ನೆಟ್ಟಗೆ ನಡೂದಿಲ್ಲ. ಮಧ್ಯ ಮಧ್ಯ ನಿತ್ಕಂಡು ಯೋಚ್ನೆ ಮಾಡೂ ಎತ್ತನ್ನ ನೀ ಎಲ್ಲಾದ್ರೂ ಕಂಡಿದ್ಯಾ? ಮನ್ಷರೇ ಸೈ."

ಸೋಮಿ ಕೈ ಒರೆಸಿಕೊಂಡು ಮನೆಯನ್ನು ಸುತ್ತಿ ಮುಂದಕ್ಕೆ ಬಂದಳು. ಇಬ್ಬರು ಉದ್ದನೆಯ ಕಬ್ಬಿಣದ ಸರಪಳಿಯನ್ನು ಅಂಗಳಕ್ಕೆ ಅಡ್ಡ ಎಳೆಯುತ್ತಿದ್ದರು. ಟೊಪ್ಪಿ ಹಾಕಿದವನೊಬ್ಬ ಮಡಚಿದ ನಕ್ಷೆ ಹಿಡಿದು ನಿಂತಿದ್ದ. ಸರ್ಕಾರಿ ಚಾಕರಿಯ ಊರ ಉಗ್ರಾಣಿ ಬೀರಪ್ಪ ಗೂಟಗಳ ಕಟ್ಟನ್ನು ಹೆಗಲಿಂದ ಇಳಿಸಿದವನು ಸೋಮಿಯನ್ನು ಕಂಡು ಗೂಟ ಎಣಿಸುವವನಂತೆ ತಲೆ ತಗ್ಗಿಸಿದ.

"ಎಂತ ಬೀರಪ್ಪಾ ಇದು?"

"ಅಳತೆ."

"ಅಳತೆ ಅಂತ ನಂಗೂ ಕಾಣ್ತದೆ. ಯಾರದ್ದು?"

"ಅಕ್ಕಿ ಗಿರಣಿ ಬತ್ತದಂತೆ ಅತ್ತಿಗೆ. ಒಡೆಯರು ಜಾಗ ಕೊಟ್ಟಿದಾರೆ. ನಂಗೆ ಗೂಟ ಹೊರು ಅಂದ್ರು, ಹೊತ್ತೆ. ಮತ್ತೆಂತ ಗೊತ್ತಿಲ್ಲ ನಂಗೆ."

ಟೊಪ್ಪಿಯವನು ನಕ್ಷೆಯಿಂದ ಕಣ್ಣೆತ್ತದೆ ಹೇಳಿದ: "ಆ ಬಾಗಿಲು ಪೂರ್ತಿ ತೆಗೆಯಮ್ಮ. ಗೆರೆ ಮನೆಯೊಳಗಿಂದ ಹಾದು ಹೋಗುತ್ತದೆ."

ಸೋಮಿ ತೆಗೆಯಲಿಲ್ಲ. ಬೀರಪ್ಪನೇ ಹೋಗಿ, ತಪ್ಪು ಮಾಡುವವನ ಮೆತ್ತಗಿನ ಕೈಯಲ್ಲಿ ಬಾಗಿಲು ದೂಡಿದ. ಹಲಸಿನ ಮರದ ಬಾಗಿಲು, ನಡುವೆ ಹಿತ್ತಾಳೆಯ ಬಳೆ. ಅದು ಎಂದಿನಂತೆ ಸದ್ದಿಲ್ಲದೆ ತೆರೆದುಕೊಂಡಿತು. ಸರಪಳಿ ಜಗಲಿ ಏರಿತು, ಹೊಸ್ತಿಲು ದಾಟಿತು, ಒಲೆಯ ಪಕ್ಕದಿಂದ ಹಿತ್ತಲ ಕಡೆಗೆ ಹರಿಯಿತು. ಹೊನ್ನ ಕೂತಲ್ಲೇ ಎರಡೂ ಕಾಲುಗಳನ್ನು ಮೇಲೆತ್ತಿ, ಅದು ಹಾದುಹೋಗುವವರೆಗೂ ಹಾಗೇ ಹಿಡಿದುಕೊಂಡಿದ್ದ.

"ಹೋಯ್ತೇನೇ?" ಎಂದು ಕೇಳಿದ.

"ಹೋಯ್ತು."

"ನನ್ನ ಕಾಲಿಗೆ ಮುಟ್ಟಲಿಲ್ಲ," ಎಂದ, ದೊಡ್ಡದೊಂದು ಉಪಕಾರವಾದಂತೆ.

*

ಸೋಮಿಯ ಊರಾದ ಕಾಗಾಲದ ಕಡೆ ನೆಲ ಒಬ್ಬರದು, ಮನೆ ಇನ್ನೊಬ್ಬರದು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಒಡೆಯರ ಹಿತ್ತಲ ಮೂಲೆಯಲ್ಲಿ ಬಿಡಾರ ಕಟ್ಟಿಕೊಂಡು, ಅವರು ಕರೆದಾಗ ಕೆಲಸಕ್ಕೆ ಹೋಗುವುದು. ಒಡೆಯರ ಮುಖ ಕಪ್ಪಾದರೆ ಮಾಡಿಗೆ ಹೊದಿಸಿದ ತೆಂಗಿನ ಮಡಲು ಕಿತ್ತು, ಕಂಬ ಹೊತ್ತು, ಮತ್ತೊಬ್ಬರ ಹಿತ್ತಲಿಗೆ ನಡೆಯುವುದು. ಹಾಗಾಗಿ ಸೋಮಿಯಂಥವರ ಬಾಯಲ್ಲಿ ಮನೆ ಎಂದರೆ ಕಂಬ ಮತ್ತು ಮಾಡು. ನೆಲ ಎನ್ನುವುದು ಆಕಾಶದ ಹಾಗೆ. ಅದರ ಕೆಳಗೆ ಇರಬಹುದು, ಇದರ ಮೇಲೆ ಇರಬಹುದು, ನನ್ನದು ಎನ್ನುವಂತಿಲ್ಲ.

ಧಾರೇಶ್ವರದಿಂದ ಮದುವೆಯಾಗಿ ಬಂದ ಮೇಲೆ ಸೋಮಿ ಎಷ್ಟೋ ಸಲ ಕಂಬ ಹೊತ್ತಿದ್ದಳು. ಹೊನ್ನನ ಕಣ್ಣು ಹೋದ ವರ್ಷವೂ ಹೊತ್ತಳು. ಹೊಸ ಬಿಡಾರದಲ್ಲಿ ಅವನು ಗೋಡೆ ಇಲ್ಲದ ಕಡೆ ಗೋಡೆಗೆ ಕೈಚಾಚಿ ಬಿದ್ದ. ಬಾವಿಯ ದಾರಿ ಎಂದು ತೋಡಿನ ದಾರಿ ಹಿಡಿದ. ಒಂದು ಸಂಜೆ ಒಲೆಯೊಳಗೇ ಕೈ ಇಟ್ಟ. ಅವನ ಬೆರಳಿಗೆ ಎಣ್ಣೆ ಹಚ್ಚುತ್ತ ಸೋಮಿ ಮನಸ್ಸಿನಲ್ಲೇ ಶಪಥ ಮಾಡಿದಳು: ಇನ್ನೊಂದು ಸಲ ಎಲ್ಲಿಗಾದರೂ ಹೋದರೆ ಅದು ಕಡೆಯ ಸಲ. ಆಮೇಲೆ ಕಂಬ ಕೀಳುವುದಿಲ್ಲ.

ಅವಳಿಗೆ ದಾರಿ ತೋರಿಸಿದವರು ಒಡತಿ ಭಾಗೀರಥಮ್ಮ. ಮಕ್ಕಳಿಲ್ಲದ ವಿಧವೆ. ಅವರ ತೋಟದ ಅಂಚಿನಲ್ಲಿ, ರಸ್ತೆಗೆ ಮುಖ ಮಾಡಿ, ಮೊದಲೆಲ್ಲ ತೆಂಗಿನಕಾಯಿ ತುಂಬಿಡುತ್ತಿದ್ದ ಹೆಂಚಿನ ಕೊಟ್ಟಿಗೆಯೊಂದಿತ್ತು. ಸೋಮಿ ವರ್ಷಗಟ್ಟಲೆ ಬಳಚು ಮಾರಿ ಕೂಡಿಸಿದ್ದನ್ನು, ತಾಯಿ ಕೊಟ್ಟ ಮೂಗುಬೊಟ್ಟನ್ನು ಅವರ ಎದುರು ಇಟ್ಟಾಗ, ಅವರು ಮೂಗುಬೊಟ್ಟನ್ನು ಮುಟ್ಟಲಿಲ್ಲ.

"ಅದನ್ನ ಮೂಗಿಗೇ ಹಾಕ್ಕೋ. ಉಳಿದದ್ದು ಸಾಕು. ಕೊಟ್ಟಿಗೆ, ಅಂಗಳ, ಹಿಂದಿನ ಚಿಪ್ಪು ಹಾಕೋ ಜಾಗ, ಎಲ್ಲಾ ನಿಂದೇ. ಆದರೆ ಕಾಗದ ಮಾಡಿಸ್ಕೋ ಸೋಮಿ. ಎನ್ನ ಕೈ ನಡುಗೂದು ನೋಡು, ಇನ್ನು ಎಷ್ಟು ದಿನ ಸಹಿ ಹಾಕ್ತ್ನೋ ಗೊತ್ತಿಲ್ಲೆ."

ಮುಂಬಯಿ ಸೀಮೆ ಹೋಗಿ ಮೈಸೂರು ರಾಜ್ಯ ಬಂದು ಕೆಲವು ಮಳೆಗಾಲ ಕಳೆದಿದ್ದವು. ಕುಮಟೆಯ ನೋಂದಣಿ ಕಚೇರಿಯ ಎದುರು ಆಲದ ಮರದ ಕೆಳಗೆ ಪತ್ರ ಬರೆಯುವ ಮಾಬ್ಲ ಕೂರುತ್ತಿದ್ದ. ಊರಿಗೆಲ್ಲ ಅವನು ಬಾಂಡ್ ಮಾಬ್ಲ. ಬಾಯಲ್ಲಿ ಎಲೆಅಡಿಕೆಯ ಕವಳ, ಕಿವಿಯ ಮೇಲೆ ಲೇಖನಿ, ಮಡಿಲಲ್ಲಿ ಮರದ ಪೆಟ್ಟಿಗೆ. ಹಳೆಯ ಕಾಯಿದೆ ಅವನಿಗೆ ಬಾಯಿಪಾಠ. ಹೊಸದರ ಮೇಲೆ ಸಿಟ್ಟು.

"ಕೇಳು ಮಾರಾಯ್ತಿ," ಎಂದ ಅವನು ಅಂದು. "ನೆಲ ಅಂತ ಒಂದು ಮಾತು ಬರೆದ್ರೆ ಅದು ಖರೇದಿಪತ್ರ. ಖರೇದಿಪತ್ರಕ್ಕೆ ಕ್ರಯಕ್ಕೆ ತಕ್ಕ ಸ್ಟಾಂಪು. ಸ್ಟಾಂಪಿನ ಬೆನ್ನಿಗೆ ನೋಂದಣಿ ಫೀ. ಅದರ ಬೆನ್ನಿಗೆ ನಕಲಿನ ಫೀ. ಎಲ್ಲಾದರ ಬಾಲಕ್ಕೆ ನನ್ನ ಕವಳದ ದುಡ್ಡು."

"ಬಡವ್ರಿಗೆ ಎಂತಾದ್ರೂ ರಿಯಾಯ್ತಿ ಇಲ್ವಾ ಒಡ್ಯಾ?"

ಮಾಬ್ಲ ಕವಳ ಉಗುಳಿ ನಕ್ಕ. "ಸರ್ಕಾರಕ್ಕೆ ಬಡವರು ಕಾಣೂದು ಓಟಿನ ದಿವಸ. ಮನೆ ತಕಂಬ ದಿವಸ ಎಲ್ಲರೂ ಸಾವ್ಕಾರ್ರೇ. ರಿಯಾಯ್ತಿ ಇದ್ರೆ ಅದು ಈ ಲೇಖನಿ ತುದಿಯಲ್ಲಿ ಉಂಟು, ಬೇಕಾ ಹೇಳು. ನೆಲದ ಸುದ್ದಿ ಬಿಟ್ಟು ಮರ, ಹೆಂಚು, ಬಾಗಿಲು, ಇಷ್ಟೇ ಮಾರಿದ್ದು ಅಂತ ಬರೀತೆ. ಅದು ಸಾಮಾನು. ಹಂಡೆ ಮಾರಿದ ಹಾಗೆ, ಕಡಾಯಿ ಮಾರಿದ ಹಾಗೆ. ಸಣ್ಣ ಸ್ಟಾಂಪು ಸಾಕು. ಕಚೇರಿ ಒಳಗೆ ಹೋಗೂದೇ ಬೇಡ."

"ಬೇಡ," ಎಂದರು ಜೊತೆಗೆ ಬಂದಿದ್ದ ಭಾಗೀರಥಮ್ಮ. "ಸರಿಯಾಗೇ ಬರಿ. ಸೋಮಿ, ಸ್ಟಾಂಪಿಗೆ ಅಂತ ದುಡ್ಡು ತಂದಿದ್ದೆ ಅಂದ್ಯಲ್ಲ?"

ತಂದಿದ್ದಳು. ಸೆರಗಿನ ಗಂಟಿನಲ್ಲಿ ಅದು ಬೇರೆಯಾಗಿಯೇ ಇತ್ತು. ಆದರೆ ಬರುವ ದಾರಿಯಲ್ಲಿ, ಬಡಗಿಯ ಅಂಗಡಿಯ ಗೋಡೆಗೆ ಒರಗಿಸಿದ್ದ ಒಂದು ಬಾಗಿಲನ್ನು ಅವಳು ಕಂಡಿದ್ದಳು. ಯಾರೋ ಮಾಡಿಸಿ ಒಯ್ಯದೆ ಬಿಟ್ಟ ಹಲಸಿನ ಬಾಗಿಲು. ಕೊಟ್ಟಿಗೆಗೆ ಬಾಗಿಲಿರಲಿಲ್ಲ, ಮಡಲಿನ ತಟ್ಟಿಯೊಂದನ್ನು ಹಗ್ಗದಲ್ಲಿ ಕಟ್ಟಬೇಕಿತ್ತು. ಈಗಿನ ಬಿಡಾರದಲ್ಲೂ ಅಂಥದೇ ತಟ್ಟಿ; ಅದು ಗಾಳಿಗೆ ಅಲುಗಿದರೂ ಹೊನ್ನ ಎದ್ದು ಕೂತು, ಯಾರದು, ಯಾರದು ಎನ್ನುತ್ತಿದ್ದ. ಬಂದದ್ದು ನಾಯಿಯೋ ಮನುಷ್ಯನೋ ಎಂದು ತಿಳಿಯಲು ಅವನಿಗೆ ಕಣ್ಣಿರಲಿಲ್ಲ. ಬಾಗಿಲು ಇದ್ದರೆ? ಅಗುಳಿ ಹಾಕಿದ ಸದ್ದು ಕೇಳಿದರೆ ಮಲಗಿಯಾನು.

"ನೆಲ ಎಲ್ಲಿಗೆ ಓಡಿ ಹೋಗ್ತದೆ ಅಮ್ಮಾ?" ಎಂದಳು ಸೋಮಿ. "ನೀವು ಕೊಟ್ಟೆ ಅಂದ್ರೆ ಕೊಟ್ಟ ಹಾಗೇ. ಬಾಗ್ಲು ಇಲ್ದಿದ್ರೆ ನಾಯಿ ಬತ್ತದೆ."

ಭಾಗೀರಥಮ್ಮ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ಮಾಬ್ಲ ಬರೆದ. ಕ್ರಯದ ಹಣವನ್ನೆಲ್ಲ ಮರಕ್ಕೂ ಹೆಂಚಿಗೂ ಹಂಚಿ, ನೆಲದ ಹೆಸರು ಎತ್ತದೆ, ಮುತ್ತಿನಂಥ ಅಕ್ಷರದಲ್ಲಿ ಬರೆದ. ಆ ಸಂಜೆ ಗಾಡಿಯ ಮೇಲೆ ಸ್ಟಾಂಪಿನ ದುಡ್ಡಿಗೆ ಬಂದ ಬಾಗಿಲು ಮಲಗಿತ್ತು, ಬಾಗಿಲಿನ ಮೇಲೆ ಒಡತಿ ಕೂತಿದ್ದರು, ಹಿಂದೆ ಸೋಮಿ ನಡೆಯುತ್ತಿದ್ದಳು. ಅಷ್ಟು ಹಗುರವಾಗಿ ಅವಳು ಎಂದೂ ನಡೆದಿರಲಿಲ್ಲ.

ಊರಿಗೆ ಬಂದ ಮೇಲೆ ಭಾಗೀರಥಮ್ಮನಿಗೆ ಸಮಾಧಾನವಾಗಲಿಲ್ಲ. ತುಳಸಿಕಟ್ಟೆಯ ಚೊಂಬು ಹಿಡಿದು ಕೊಟ್ಟಿಗೆಯ ಅಂಗಳಕ್ಕೇ ಬಂದು, ಸೋಮಿಯ ಬೊಗಸೆಗೆ ನೀರು ಬಿಟ್ಟರು. "ನಿಂಗೆ ನೆಲವನ್ನೂ ಕೊಟ್ಟಿದ್ದಿ. ಈ ನೀರೇ ಸಾಕ್ಷಿ," ಎಂದರು. ಅವರ ಮನೆಗೆಲಸದ ಸುಕ್ರಿ ಚೊಂಬಿಗೆ ಕೈಯಾನಿಸಿ ನಿಂತಿದ್ದಳು. ಜಗಲಿಯಲ್ಲಿ ಕೂತ ಹೊನ್ನ, ಬೊಗಸೆ ತುಂಬಿ ಮಣ್ಣಿಗೆ ಬಿದ್ದ ನೀರಿನ ಸದ್ದು ಕೇಳಿದ. ಕೊಟ್ಟ ಮಾತಿಗೆ ನೀರು ಬಿದ್ದರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ ಎಂದೇ ಆ ನಾಲ್ವರೂ ತಿಳಿದಿದ್ದರು.

ಆಮೇಲಿನ ವರ್ಷಗಳಲ್ಲಿ ಹೊನ್ನ ಆ ಮನೆಯನ್ನು ಕೈಯಿಂದ ಓದಿಕೊಂಡ. ಕಂಬದಿಂದ ಒಲೆಗೆ, ಒಲೆಯಿಂದ ನೀರಿನ ಹಂಡೆಗೆ, ಹಂಡೆಯಿಂದ ಹಿತ್ತಲಿಗೆ. ಗೋಡೆಯಲ್ಲಿ ಅವನ ಅಂಗೈ ಎತ್ತರಕ್ಕೆ ಒಂದು ನುಣುಪಾದ ಗೆರೆಯೇ ಮೂಡಿತು. ಸೋಮಿ ಕೆಸರಿಗೆ ಹೋದಾಗ ಅವನೇ ಅನ್ನ ಬಸಿಯುತ್ತಿದ್ದ. ಆ ಗೋಡೆಗಳ ನಡುವೆ ಅವನು ಕುರುಡನಾಗಿರಲಿಲ್ಲ.

*

ಭಾಗೀರಥಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಆಸ್ತಿ ಹೊನ್ನಾವರದಲ್ಲಿದ್ದ ಅವರ ಅಣ್ಣನ ಮಗ ವೆಂಕಟ್ರಮಣನಿಗೆ ಬಂದಿತ್ತು. ಸರಪಳಿ ಬಂದ ದಿನ ಅವನೂ ಊರಲ್ಲಿದ್ದ. ಸೋಮಿ ಕಾಗದ ಹಿಡಿದು ಅವನ ಅಂಗಳದಲ್ಲಿ ನಿಂತಳು.

ಅವನು ಗದರಲಿಲ್ಲ. ಕಾಗದ ತೆಗೆದು, ಕನ್ನಡಕ ಏರಿಸಿ, ಎರಡು ಸಲ ಓದಿದ. ಗದರಿದ್ದರೆ ಒಳ್ಳೆಯದಿತ್ತು ಎಂದು ಸೋಮಿಗೆ ಆಮೇಲೆ ಅನಿಸಿತು.

"ಇದರಲ್ಲಿ ನೆಲ ಇಲ್ಲವಲ್ಲ ಸೋಮಿ."

"ಅಮ್ಮ ನೀರು ಬಿಟ್ಟು ಕೊಟ್ಟಿದಾರೆ ಒಡ್ಯಾ. ಸುಕ್ರಿ ಚೊಂಬು ಹಿಡ್ದಿದ್ಲು, ಕೇಳಿ."

ಬಾಗಿಲ ಮರೆಯಲ್ಲಿ ಸುಕ್ರಿ ನಿಂತಿದ್ದಳು. ಈಗ ಅವಳ ಅನ್ನವೂ ಈ ಮನೆಯದೇ. ಸೋಮಿ ನೋಡಿದಾಗ ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಸರಿದಳು.

"ಅತ್ತೆ ಕೊಟ್ಟಿರಬಹುದು, ಅವಳ ಸ್ವಭಾವವೇ ಹಾಗೆ," ಎಂದ ವೆಂಕಟ್ರಮಣ. "ಆದರೆ ನಂಗೆ ಅದು ಯಾರೂ ಹೇಳಲಿಲ್ಲ. ಅತ್ತೆಯ ಆಸ್ತಿ ಕಾಗದ ನೋಡಿದೆ, ಜಾಗ ಖಾಲಿ ಅಂತ ಇತ್ತು. ಗಿರಣಿಯವರು ಪೂರಾ ಸ್ಟಾಂಪು ಕಟ್ಟಿ ನೋಂದಣಿ ಮಾಡಿಸಿಕೊಂಡೂ ಆತು. ನಾನು ಮೋಸಗಾರ ಅಲ್ಲ ನೋಡು. ಇದರಲ್ಲಿ ಬರೆದದ್ದೆಲ್ಲ ನಿಂದು. ಒಂದು ಹೆಂಚನ್ನೂ ಯಾರೂ ಮುಟ್ಟೂದಿಲ್ಲ. ಮಳೆಗೆ ಮುಂಚೆ ತಕ್ಕೊಂಡು ಹೋಗು. ಗಾಡಿ ಬೇಕಾದರೆ ನಾನೇ ಕೊಡ್ತೆ."

"ತಕ್ಕೊಂಡು ಎಲ್ಲಿ ಇಡೂದು ಒಡ್ಯಾ?"

ಅವನು ಕನ್ನಡಕ ಇಳಿಸಿದ. ಕಾಗದವನ್ನು ಜೋಪಾನವಾಗಿ ಮಡಚಿ ಅವಳ ಕೈಗೇ ಕೊಟ್ಟ.

ಮನೆಗೆ ಬಂದಾಗ ಹೊನ್ನ ಅಂಗಳದ ಗೂಟವೊಂದನ್ನು ತಡವುತ್ತಿದ್ದ.

"ಇದೊಂದು ಹೊಸ್ದು ಬಂದದೆ," ಎಂದ. "ಎಡವಿದೆ. ಮತ್ತೆ ಎಲ್ಲೆಲ್ಲಿ ಉಂಟು ಅಂತ ಹೇಳು, ನೆನಪಿಟ್ಕಳ್ತೆ."

ಸೋಮಿ ಅವನ ಕೈ ಹಿಡಿದು ಗೂಟದಿಂದ ಗೂಟಕ್ಕೆ ನಡೆಸಿದಳು. ಅವನು ಒಂದೊಂದನ್ನೂ ಮುಟ್ಟಿ, ತಲೆಯಾಡಿಸಿ ಮನಸ್ಸಿಗೆ ಹಾಕಿಕೊಂಡ. ಮನೆ ಬಿಡಬೇಕೆಂಬುದನ್ನು ಅವಳು ಹೇಳಲಿಲ್ಲ. ಕಲಿಯಲು ಅವನು ಅಷ್ಟು ಮನಸ್ಸು ಮಾಡಿದ್ದ.

*

ಮರುದಿನ ಇಳಿತವಿದ್ದರೂ ಅವಳು ಕೆಸರಿಗೆ ಇಳಿಯಲಿಲ್ಲ. ಬಾಡ ಊರಿನ ದಾರಿ ಹಿಡಿದು ಕುಮಟೆಗೆ ನಡೆದಳು. ಗದ್ದೆಯ ಅಂಚಿನಲ್ಲಿ, ಗೇರು ಮರಗಳ ನೆರಳಿನಲ್ಲಿ, ಅವಳ ಕಣ್ಣು ಬೇಡವೆಂದರೂ ಖಾಲಿ ಜಾಗಗಳನ್ನೇ ಹುಡುಕುತ್ತಿತ್ತು. ಅಗೋ ಅಲ್ಲಿ ಒಂದು ಬಿಡಾರದಷ್ಟು ನೆಲ. ಇಗೋ ಇಲ್ಲಿ. ಲೋಕದಲ್ಲಿ ಎಷ್ಟೊಂದು ನೆಲ ಸುಮ್ಮನೆ ಬಿದ್ದಿತ್ತು! ಎಲ್ಲದಕ್ಕೂ ಬೇಲಿ ಇತ್ತು.

ಆಲದ ಕೆಳಗೆ ಬಾಂಡ್ ಮಾಬ್ಲ ಇದ್ದ. ಹಲ್ಲು ಕೆಲವು ಉದುರಿದ್ದವು, ಕವಳ ಬಿಟ್ಟಿರಲಿಲ್ಲ. ಕಾಗದ ಬಿಡಿಸಿದವನು ತನ್ನ ಅಕ್ಷರವನ್ನು ತಾನೇ ಮೆಚ್ಚಿ ನೋಡಿ, ಆಮೇಲೆ ಓದಿ, ಮುಖ ಸಣ್ಣದು ಮಾಡಿದ.

"ನಾನೇ ಬರೆದದ್ದು."

"ನೀವೇ ಒಡ್ಯಾ. ಹೇಳಿದ್ದು ನಾನೇ."

"ಹೀಗೆ ಎಷ್ಟು ಬರ್ದಿದೆ ಗೊತ್ತುಂಟಾ? ಬಡವರಿಗೆ ನಾಕು ಕಾಸು ಉಳೀಲಿ ಅಂತ. ಒಂದೂ ಹೀಗೆ ತಿರುಗಿ ಬರಲಿಲ್ಲ, ನಿಂದೇ ಬಂತು ನೋಡು." ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ತಡಿ. ಒಂದು ದಾರಿ ಉಂಟು. ಸಣ್ಣ ಕ್ರಯದ ನೆಲ, ನೂರು ರೂಪಾಯಿ ಒಳಗಿನದ್ದು ಅಂತಾದ್ರೆ, ಕಾಗದವೇ ಬೇಡ. ಬಾಯಿಮಾತಲ್ಲಿ ಮಾರಿ, ಜಾಗ ಕೈಗೆ ಬಿಟ್ಟುಕೊಟ್ರೂ ಕಾಯಿದೆ ಒಪ್ತದೆ."

ಸೋಮಿ ಮುಂದಕ್ಕೆ ಬಾಗಿದಳು. "ಹಂಗಾರೆ ಆ ನೀರು ನಡೀತದಾ?"

"ನಡೀಬಹುದು. ಕೋರ್ಟಿನಲ್ಲಿ ದಾವೆ ಹಾಕ್ಬೇಕು. ಸುಕ್ರಿಗೆ ಸಮನ್ಸು ಹೋದ್ರೆ ದೇವರ ಮೇಲೆ ಆಣೆ ಮಾಡಿ ಸುಳ್ಳು ಹೇಳ್ತ್ಲಾ? ಹೇಳೂದಿಲ್ಲ."

ಸೋಮಿ ಕೂತ ಕಡೆಯಿಂದಲೇ ಕೈ ಮುಗಿದಳು.

"ಕೋರ್ಟಿಗೆ ಫೀ ಉಂಟು," ಎಂದ ಮಾಬ್ಲ. "ವಕೀಲರು ಬೇರೆ."

"ನನ್ನ ಹತ್ರ ಎಂತಾ ಇಲ್ಲ."

"ಇಲ್ದಿದ್ರೇ ಒಳ್ಳೇದು ಮಾರಾಯ್ತಿ! ಅವತ್ತು ಕೇಳಿದ್ಯಲ್ಲ ರಿಯಾಯ್ತಿ ಅಂತ? ಕೊಳ್ಳೂಕೆ ಇರಲಿಲ್ಲ, ಕಳಕಂಡವ್ರಿಗೆ ಉಂಟು. ಪಾಪರ್ ಅರ್ಜಿ ಅಂತ. ಎಂತಾ ಇಲ್ದವರು ಹಾಕಿದ್ರೆ ಫೀ ಕಟ್ಟದೇ ದಾವೆ ತಕಂಬರು." ಅವನಿಗೆ ಹುರುಪು ಬಂದಿತ್ತು. ಕಿವಿಯಿಂದ ಲೇಖನಿ ಇಳಿಸಿ, ಹಾಳೆ ಎಳೆದುಕೊಂಡ. "ಹೇಳು, ನಿನ್ನ ಸೊತ್ತು ಎಂತೆಂತ?"

"ಮಣ್ಣಿನ ಮಡಕೆ. ಒಂದು ಹಂಡೆ. ಬಳಚಿನ ಬುಟ್ಟಿ. ಕತ್ತಿ."

"ಚಿನ್ನ?"

ಸೋಮಿ ಮೂಗು ಮುಟ್ಟಿಕೊಂಡಳು. "ಇದು."

"ಅದನ್ನ ತೆಗ್ದು ಯಾರ ಹತ್ರ ಆದ್ರೂ ಕೊಡು. ಮತ್ತೆ?"

"ಮತ್ತೆಂತ ಇರ್ತದೆ ಒಡ್ಯಾ?"

ಮಾಬ್ಲನ ಲೇಖನಿ ಓಡುತ್ತಿದ್ದದ್ದು ನಿಂತಿತು. ಅವನು ಪಕ್ಕದಲ್ಲಿದ್ದ ಹಳೆಯ ಕಾಗದವನ್ನು ನೋಡಿದ. ಮತ್ತೆ ನೋಡಿದ. ಕವಳವನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದ.

"ಇದು ಉಂಟಲ್ಲ," ಎಂದ ಮೆಲ್ಲಗೆ. "ಮರ, ಹೆಂಚು, ಬಾಗಿಲು. ಕ್ರಯ ಎಲ್ಲ ನಾನು ಇವಕ್ಕೇ ಹಾಕಿ ಬರೆದೆ. ಇಷ್ಟು ಬೆಲೆಯ ಸೊತ್ತು ಇದ್ದವಳು ಪಾಪರ್ ಅಲ್ಲ. ವೆಂಕಟ್ರಮಣನ ವಕೀಲ ಇದೇ ಕಾಗದ ಎತ್ತಿ ತೋರಿಸ್ತ."

"ಅದು ಸೊತ್ತಲ್ಲ ಒಡ್ಯಾ. ಅದು ನಾವು ಇರೂ ಮನೆ."

"ಕಾಯಿದೆಗೆ ಸೊತ್ತು." ಅವನು ದನಿ ತಗ್ಗಿಸಿ ಪೆಟ್ಟಿಗೆಯ ಮೇಲೆ ಬಾಗಿದ. "ಒಂದು ಕೆಲಸ ಮಾಡುವಾ. ಈ ಕಾಗದ ಹರ್ದು ಹಾಕುವಾ. ಮನೆ ನಂದಲ್ಲ, ಒಡೆಯರದ್ದೇ, ಅವರ ದಯದಿಂದ ಕೂತಿದ್ದೆ ಅಂತ ಅರ್ಜಿಯಲ್ಲಿ ಬರೀತೆ. ಆಗ ನೀ ಪಾಪರ್. ಫೀ ಮಾಫಿ."

"ಆಮೇಲೆ?"

"ಆಮೇಲೆ ನೆಲ ಕೇಳುವಾ."

"ಮನೆ ಅವರದ್ದು ಅಂತ ಹೇಳಿ, ಅದರ ಅಡಿ ನೆಲ ನಂದು ಅಂತ ಕೇಳೂದಾ?"

"ಕಾಯಿದೆ ಹಾಗೇ ಮಾರಾಯ್ತಿ. ಮೊದಲು ಒಳಗೆ ಹೋಗೂಕೆ ಬಾಗಿಲು ಬೇಕಲ್ಲ? ಮನೆ ವಿಷಯ ಮತ್ತೆ ನೋಡುವಾ."

ಸೋಮಿ ತನ್ನ ಅಂಗೈಯನ್ನು ನೋಡಿಕೊಂಡಳು. ಚಿಪ್ಪಿನ ಅಂಚಿಗೆ ಸಿಕ್ಕಿ ಸೀಳು ಬಿದ್ದ ಅಂಗೈ. ನೀರು ನಿಂತಿದ್ದು ಇದರಲ್ಲೇ. ಈಗ ಹೊತ್ತು ಏರಿತ್ತು. ಮನೆಯಲ್ಲಿ ಹೊನ್ನ ಗೋಡೆಯ ಗೆರೆ ಹಿಡಿದು ಒಲೆಯ ಕಡೆಗೆ ಹೋಗುತ್ತಿದ್ದಿರಬೇಕು. ಅನ್ನಕ್ಕೆ ನೀರಿಟ್ಟು, ಬಾಗಿಲಿನ ಅಗುಳಿಯನ್ನು ಒಮ್ಮೆ ಮುಟ್ಟಿ ನೋಡಿ ಬರುತ್ತಾನೆ, ದಿನವೂ ಹಾಗೇ. ಮನೆ ನನ್ನದಲ್ಲ ಎಂದು ಅವಳ ಹೆಬ್ಬೆಟ್ಟು ಹೇಳಿದರೆ, ಆ ಅಗುಳಿಗೂ ಕೇಳಿಸುತ್ತದೆ ಎನಿಸಿತು.

ಮಾಬ್ಲ ಶಾಯಿಯ ಡಬ್ಬಿ ತೆರೆದು ಅವಳ ಕಡೆಗೆ ನೂಕಿದ. "ಎಡಗೈ ಹೆಬ್ಬೆಟ್ಟು. ಒರಸ್ಕೋ ಮೊದಲು, ಬೆವರಿದೆ. ನಾ ಖಾಲಿ ಹಾಳೆಗೇ ಒತ್ತಿಸ್ಕಳ್ತೆ, ಆಮೇಲೆ ಕೂತು ತುಂಬಸ್ತೆ. ನೀ ಸುಕ್ರಿಗೆ ಒಂದು ಮಾತು ಹೇಳಿ ಇಡು. ಮತ್ತೆ ಆ ಮೂಗುಬೊಟ್ಟು..."

ಅವನು ತಲೆಯೆತ್ತಿದಾಗ ಎದುರಿನ ಚಾಪೆ ಖಾಲಿಯಾಗಿತ್ತು. ಹಳೆಯ ಕಾಗದವೂ ಇರಲಿಲ್ಲ. ಕಚೇರಿಯ ಕಟ್ಟೆಯ ಆಚೆ, ಬಡಗಿಯ ಅಂಗಡಿ ದಾಟಿ, ಬಾಡದ ದಾರಿಗೆ ತಿರುಗುವಲ್ಲಿ ಸೋಮಿಯ ಬೆನ್ನು ಕಾಣುತ್ತಿತ್ತು. ಹಿಂತಿರುಗಿ ನೋಡದ ನಡಿಗೆ.

"ಸೋಮೀ!" ಮಾಬ್ಲ ಎದ್ದು ನಿಂತು ಕೂಗಿದ. "ಹ್ವಾಯ್ ಸೋಮೀ, ಪೂರಾ ಕೇಳು ಮಾರಾಯ್ತಿ! ಬೇಕಾದ್ರೆ ಬಾಗಿಲೊಂದು ನಿಂದೇ ಅಂತ ಬಿಟ್ಟು ಬರೀತೆ..."